ಬಹಾರ್ ಹಿಡಿಸಿದ ಮೇಲೆ ನೀರು ಬಿಡಬೇಕು: ಒತ್ತಡದ ಲಾಭ–ಹಾನಿಯ ಲೆಕ್ಕ

ಬಾಗಲಕೋಟೆ, ವಿಜಯಪುರದ ದಾಳಿಂಬೆ ಬೆಳೆಗಾರರು ‘ಸ್ಟ್ರೆಸ್’ ಎಂಬ ಪದವನ್ನು ಡಾಕ್ಟರ ಬಾಯಿಂದ ಕೇಳುವ ಮೊದಲೇ ತೋಟದಲ್ಲಿ ಕೇಳಿರುತ್ತಾರೆ. ಬಹಾರ್, ಅಂದರೆ ಗಿಡ ಒಮ್ಮೆಲೇ ಹೂ ಬಿಡುವ ಹಂಗಾಮು, ಹಿಡಿಸುವ ಮುಂಚೆ ಗಿಡಕ್ಕೆ ನೀರು ನಿಲ್ಲಿಸುತ್ತಾರೆ; ಅದೇ ಅವರ ‘ಸ್ಟ್ರೆಸ್’. ಮಣ್ಣಿನ ಗುಣ ನೋಡಿ ಒಂದರಿಂದ ಎರಡು ತಿಂಗಳು. ಮಸಾರಿ (ಕೆಂಪು) ನೆಲದಲ್ಲಿ ಗಿಡ ಬೇಗ ಬಾಡುತ್ತದೆ, ಎರೆ (ಕಪ್ಪು) ನೆಲದಲ್ಲಿ ತಡವಾಗುತ್ತದೆ. ಎಲೆ ಹಳದಿಯಾಗಿ ಉದುರಬೇಕು, ಉದುರದಿದ್ದರೆ ಇಥ್ರೆಲ್ ಎಂಬ ರಾಸಾಯನಿಕ ಹೊಡೆದು ಉದುರಿಸುತ್ತಾರೆ. ಆ ಬೋಳು ಗಿಡಗಳನ್ನು ಕಂಡ ಹೊಸಬರು ತೋಟ ಒಣಗಿಹೋಯಿತು ಎಂದೇ ತಿಳಿಯಬೇಕು. ಆಮೇಲೆ ಟೊಂಗೆಯ ತುದಿ ಸವರಿ, ಗೊಬ್ಬರ ಕೊಟ್ಟು, ಮೊದಲು ಹಗುರವಾಗಿ ನೀರು ಬಿಡುತ್ತಾರೆ. ಮೂರು–ನಾಲ್ಕು ದಿನ ಕಳೆದು ಪೂರ್ತಿ ನೀರು. ಗಿಡ ಒಮ್ಮೆಲೇ ಹೂ ಬಿಡುತ್ತದೆ.

ತಪ್ಪುವುದು ಎಲ್ಲಿ ಎಂಬುದೂ ಅವರಿಗೆ ಗೊತ್ತು. ನೀರು ನಿಲ್ಲಿಸಿದ್ದು ಸಾಲದಿದ್ದರೆ ಗಿಡ ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ, ಹೂ ಸರಿಯಾಗಿ ಕಟ್ಟುವುದಿಲ್ಲ. ಹೆಚ್ಚು ದಿನ ಎಳೆದರೆ ಟೊಂಗೆ ಒಣಗುತ್ತವೆ. ಒಣಗಿಸಿದ ಗಿಡಕ್ಕೆ ಒಂದೇ ಸಲ ತುಂಬ ನೀರು ಹಾಯಿಸಿದರೆ ಹೂ ಉದುರುತ್ತದೆ. ವರ್ಷಕ್ಕೆ ಎರಡು ಬಹಾರ್ ಹಿಡಿಸುವ ಆಸೆಗೆ ಬಿದ್ದರೆ ಗಿಡದ ಕಸುವು ಹೋಗಿ ರೋಗಕ್ಕೆ ತುತ್ತಾಗುತ್ತದೆ. ಬೆಳಗಾವಿಯ ಮರಾಠಿ ಮಂದಿ ಗಿಡಕ್ಕೆ ನೀರು ನಿಲ್ಲಿಸುವುದಕ್ಕೂ ಮನಸ್ಸಿನ ಒತ್ತಡಕ್ಕೂ ‘ತಾಣ್’ ಎಂಬ ಒಂದೇ ಪದ ಬಳಸುತ್ತಾರೆ. ಇದನ್ನು ಪದದ ಮಟ್ಟದ ಹೋಲಿಕೆ ಎಂದು ಬಿಟ್ಟುಬಿಡುವಂತಿಲ್ಲ. ಮನುಷ್ಯನ ದೇಹದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇದೆ: ಎಷ್ಟು ಬಿಗಿ ಎನ್ನುವುದಕ್ಕಿಂತ ಎಷ್ಟು ದಿನ, ಮತ್ತು ಆಮೇಲೆ ನೀರು ಬಂತೇ ಇಲ್ಲವೇ ಎನ್ನುವುದು ಮುಖ್ಯ.

ಮೊದಲ ಅರ್ಧ ತಾಸಿನಲ್ಲಿ ಆಗುವುದು

ರಾತ್ರಿ ಹೊಲದ ಬದುವಿನ ಮೇಲೆ ನಡೆಯುವಾಗ ಕಾಲ ಬಳಿ ಏನೋ ಸರ್ರನೆ ಹರಿಯಿತು ಅನ್ನಿ. ಹಾವೋ ಹಗ್ಗವೋ ಎಂದು ಬುದ್ಧಿ ತೀರ್ಮಾನಿಸುವ ಮೊದಲೇ ಕಾಲು ಹಿಂದೆ ಸರಿದಿರುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಯುತ್ತದೆ. ಎದೆ ಢವಢವ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೊಟ್ಟೆಯ ಕಡೆ ಹೋಗುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳಿಗೆ ಹರಿಯುತ್ತದೆ. ಬಾಯಿ ಒಣಗುವುದು, ಹೊಟ್ಟೆಯಲ್ಲಿ ಕಸಿವಿಸಿ ಆಗುವುದು ಇದೇ ಏರ್ಪಾಡಿನ ಭಾಗ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದನ್ನು ‘ಕಾದಾಡು ಇಲ್ಲವೇ ಓಡು’ ಪ್ರತಿಕ್ರಿಯೆ ಎಂದು ಕಳೆದ ಶತಮಾನದ ಆರಂಭದಲ್ಲೇ ವಿವರಿಸಿದ್ದ.

ಇದರ ಹಿಂದೆಯೇ ನಿಧಾನದ ಎರಡನೇ ಸಾಲು ಹೊರಡುತ್ತದೆ. ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ನ ಹೊರಪದರಕ್ಕೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಹೊರಡುತ್ತದೆ. ಅದು ರಕ್ತದಲ್ಲಿ ತುದಿ ಮುಟ್ಟಲು 20–30 ನಿಮಿಷ ಬೇಕು. ಖರ್ಚಾದ ಸಕ್ಕರೆಯನ್ನು ತುಂಬಿಸುವುದು, ಉರಿಯೂತ ಕೈಮೀರದಂತೆ ಹಿಡಿಯುವುದು, ನಡೆದದ್ದನ್ನು ನೆನಪಿನಲ್ಲಿ ಗಟ್ಟಿ ಮಾಡುವುದು ಅದರ ಕೆಲಸ. ಹಾವು ಕಂಡ ಜಾಗವನ್ನು ಯಾರೂ ಮರೆಯುವುದಿಲ್ಲವಲ್ಲ! ಕಾರ್ಟಿಸಾಲ್ ಸಾಕಷ್ಟು ಆದಾಗ ಮೆದುಳೇ ಅದನ್ನು ಗುರುತಿಸಿ ಹೇಳಿಕೆ ನಿಲ್ಲಿಸುತ್ತದೆ. ಒಂದೆರಡು ತಾಸಿನಲ್ಲಿ ದೇಹ ತನ್ನ ಜಾಗಕ್ಕೆ ಮರಳುತ್ತದೆ.

ಕಾರ್ಟಿಸಾಲನ್ನು ವಿಷವೆಂಬಂತೆ ವರ್ಣಿಸುವ ವಿಡಿಯೊಗಳು ಈಗ ಬಹಳ. ಅದಿಲ್ಲದೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದೇ ಆಗದು. ಎಚ್ಚರವಾದ ಅರ್ಧ–ಮುಕ್ಕಾಲು ತಾಸಿನಲ್ಲಿ ಅದು ಏರುತ್ತದೆ, ದಿನವಿಡೀ ಇಳಿಯುತ್ತ ಬಂದು ನಡುರಾತ್ರಿಯ ಹೊತ್ತಿಗೆ ತೀರ ಕೆಳಗಿರುತ್ತದೆ. ಹೀಗೆ ದಿನಕ್ಕೇ ಇಷ್ಟು ಏರಿಳಿಯುವ ವಸ್ತುವನ್ನು ಒಂದು ಸಲ ರಕ್ತ ತೆಗೆದು ಅಳೆದರೆ ಟೆನ್ಷನ್ ಎಷ್ಟಿದೆ ಎಂದು ತಿಳಿಯುವುದಿಲ್ಲ. ಆ ಪರೀಕ್ಷೆ ಅಡ್ರಿನಲ್ ಅಥವಾ ಪಿಟ್ಯುಟರಿ ಗ್ರಂಥಿಯ ಕೆಲವು ರೋಗಗಳನ್ನು ಹಿಡಿಯಲು ಇರುವಂಥದು. ಪ್ಯಾಕೇಜಿನಲ್ಲಿ ಸೇರಿಸಿದ್ದಾರೆಂದು ದುಡ್ಡು ಕೊಡಬೇಕಿಲ್ಲ.

ಲಾಭ ಯಾವಾಗ

1908ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಯರ್ಕಿಸ್ ಮತ್ತು ಡಾಡ್ಸನ್ ಇಲಿಗಳಿಗೆ ಕರೆಂಟಿನ ಸಣ್ಣ ಪೆಟ್ಟು ಕೊಟ್ಟು ಪಾಠ ಕಲಿಸಿದರು. ಪಾಠ ಸುಲಭವಿದ್ದಾಗ ಪೆಟ್ಟು ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಪಾಠ ಕಠಿಣವಿದ್ದಾಗ ಮಧ್ಯಮ ಪೆಟ್ಟೇ ಒಳ್ಳೆಯ ಫಲ ಕೊಟ್ಟಿತು, ಜೋರು ಪೆಟ್ಟು ಕೆಡಿಸಿತು. ‘ಸ್ವಲ್ಪ ಒತ್ತಡ ಒಳ್ಳೆಯದು’ ಎಂದು ಎಲ್ಲರೂ ಹೇಳುವಾಗ ಈ ಎರಡನೇ ಅರ್ಧ ಬಿಟ್ಟುಹೋಗುತ್ತದೆ. ಕೈಗೆ ಒಗ್ಗಿದ ಕೆಲಸ ಒತ್ತಡದಲ್ಲಿ ಚುರುಕಾಗುತ್ತದೆ; ಹೊಸದಾಗಿ ತಲೆ ಓಡಿಸಬೇಕಾದ ಕೆಲಸ ಮುಗ್ಗರಿಸುತ್ತದೆ.

ವಿಜಯಪುರದಲ್ಲಿ ಸೈನಿಕ ಶಾಲೆ, ನವೋದಯದ ಪ್ರವೇಶ ಪರೀಕ್ಷೆಗೆ ಕೂರುವ ಹತ್ತು ವರ್ಷದ ಕೂಸುಗಳಿಂದ ಹಿಡಿದು ಪಿಎಸ್‌ಐ, ಪಿಡಿಒ ಹುದ್ದೆಗೆ ಓದುವ ಮೂವತ್ತರವರ ತನಕ ಕೋಚಿಂಗ್‌ನವರ ದೊಡ್ಡ ದಂಡೇ ಇದೆ. ಅವರಿಗೆ ಇದರಿಂದ ನೇರ ಉಪಯೋಗವುಂಟು. ಕಾರ್ಟಿಸಾಲ್ ಹೊಸದನ್ನು ನೆನಪಿನಲ್ಲಿ ಕೂಡಿಸಲು ನೆರವಾಗುತ್ತದೆ, ಆದರೆ ಕೂಡಿಸಿಟ್ಟದ್ದನ್ನು ಹೊರತೆಗೆಯುವಾಗ ಅಡ್ಡ ಬರುತ್ತದೆ. ‘ರಾತ್ರಿ ಓದಿದ್ದು ಎಲ್ಲಾ ಬರ್ತಿತ್ತು, ಪೇಪರ್ ನೋಡಿದ ಕೂಡಲೇ ತಲಿ ಖಾಲಿ ಆತು’ ಎನ್ನುವುದರ ಗುಟ್ಟು ಇದು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಹಾಲ್ ಟಿಕೆಟ್ ಹುಡುಕಿ ಗಾಬರಿಯಾದರೆ, ಅದರ ಕಾರ್ಟಿಸಾಲ್ ತುದಿ ಮುಟ್ಟುವುದು ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ. ಆದ್ದರಿಂದ ಒಂದು ತಾಸು ಮೊದಲೇ ಮುಟ್ಟಬೇಕು, ಅಲ್ಲಿ ನಿಂತು ಹೊಸ ಪುಟ ತೆರೆಯಬಾರದು, ಪತ್ರಿಕೆ ಬಂದಾಗ ಖಾತ್ರಿ ಗೊತ್ತಿರುವ ನಾಲ್ಕೈದು ಪ್ರಶ್ನೆ ಮೊದಲು ಮುಗಿಸಬೇಕು. ಗಡಿಯಾರ ಇಟ್ಟುಕೊಂಡು ಮಾದರಿ ಪತ್ರಿಕೆ ಬಿಡಿಸುವುದರ ನಿಜವಾದ ಲಾಭವೂ ಇಲ್ಲೇ ಇದೆ: ಲೆಕ್ಕದ ಕ್ರಮ ಕೈಗೆ ಒಗ್ಗಿಬಿಟ್ಟರೆ ಎದೆ ಹೊಡೆದುಕೊಂಡರೂ ಕೈ ನಡೆಯುತ್ತದೆ.

ಮೈಯ ಕಸರತ್ತು ಒತ್ತಡದ ಲಾಭಕ್ಕೆ ಇನ್ನೂ ಸ್ಪಷ್ಟ ಉದಾಹರಣೆ. ಮುಧೋಳ, ಜಮಖಂಡಿಯ ಗರಡಿಯಲ್ಲಿ ಸಾಮು ಮಾಡುವ ಪೈಲ್ವಾನನ ಸ್ನಾಯುವಿನ ಎಳೆಗಳು ಆ ಹೊತ್ತಿಗೆ ಸಣ್ಣಗೆ ಹರಿಯುತ್ತವೆ. ಬಲ ಕೂಡುವುದು ಆಮೇಲೆ, ಉಂಡು ಮಲಗಿದಾಗ. ವಿಜಯಪುರದ ಸೈಕಲ್ ರೇಸಿನ ಹುಡುಗರೂ ಕಠಿಣ ಸವಾರಿಯ ಮರುದಿನ ಹಗುರ ಸವಾರಿ ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ. ಯಾವಾಗಿನದಕ್ಕಿಂತ 5–10 ಬಡಿತ ಹೆಚ್ಚಿದ್ದರೆ ನಿನ್ನೆಯದು ಇನ್ನೂ ತೀರಿಲ್ಲ ಎಂದರ್ಥ. ಸೈಕಲ್ ತುಳಿಯದವರಿಗೂ ಈ ಎಣಿಕೆ ಪ್ರಯೋಜನಕ್ಕೆ ಬರುತ್ತದೆ.

ರೋಗನಿರೋಧಕ ಶಕ್ತಿಯ ಮಾತೂ ಹೀಗೆಯೇ. ನಿಮಿಷ–ತಾಸುಗಳ ಒತ್ತಡದಲ್ಲಿ ಬಿಳಿರಕ್ತಕಣಗಳು ಗಾಯವಾಗಬಹುದಾದ ಕಡೆಗೆ, ಚರ್ಮದ ಕಡೆಗೆ ಸಾಗುತ್ತವೆ. ರಕ್ಷಣೆ ಆ ಹೊತ್ತಿಗೆ ಹೆಚ್ಚುತ್ತದೆ. ತಿಂಗಳುಗಟ್ಟಲೆ ನಡೆದರೆ ತಿರುವುಮುರುವು.

ಮುಗಿಯದ ಒತ್ತಡ

ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 276 ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣು ಹಾಕಿದರು. ಒಂದು ತಿಂಗಳಿಗಿಂತ ಕಡಿಮೆ ದಿನದ ಒತ್ತಡ ಅನುಭವಿಸಿದವರಲ್ಲಿ ನೆಗಡಿ ಹೆಚ್ಚಾಗಲಿಲ್ಲ. ಒಂದು ತಿಂಗಳು ದಾಟಿದ ಒತ್ತಡವಿದ್ದವರಲ್ಲಿ ಹೆಚ್ಚಾಯಿತು. ಆ ದೀರ್ಘ ಒತ್ತಡಗಳು ಯಾವುವು ನೋಡಿದರೆ ಮುಖ್ಯವಾಗಿ ಎರಡು: ಕೆಲಸ ಇಲ್ಲದಿರುವುದು ಅಥವಾ ಅರೆಬರೆ ಕೆಲಸ, ಮತ್ತು ಮನೆಯವರ ಇಲ್ಲವೇ ಗೆಳೆಯರ ಜೊತೆ ಎಳೆದಾಡುತ್ತಿರುವ ಜಗಳ. ಇದಕ್ಕೆ ಮೂರು ವರ್ಷ ಮೊದಲು ಬೇರೊಂದು ತಂಡದವರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ 3.5 ಮಿಲಿಮೀಟರಿನ ಗಾಯ ಮಾಡಿ ಅದು ಮಾಯುವ ದಿನ ಎಣಿಸಿದ್ದರು. ಬೇರೆಯವರಿಗೆ ಸರಾಸರಿ 39 ದಿನ ಹಿಡಿದರೆ ಇವರಿಗೆ ಸುಮಾರು 49. ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಹೆಣ್ಣುಮಕ್ಕಳು ನಮ್ಮಲ್ಲಿ ಮನೆಮನೆಗೆ ಇದ್ದಾರೆ. ಆರೋಗ್ಯದ ಲೆಕ್ಕದಲ್ಲಿ ಅವರನ್ನು ಯಾರೂ ಹಿಡಿಯುವುದಿಲ್ಲ.

ಕಾರ್ಟಿಸಾಲ್ ವರ್ಷಾನುಗಟ್ಟಲೆ ಹೆಚ್ಚಿದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ, ಬೇಕಾಬಿಟ್ಟಿ ಸ್ಟೆರಾಯ್ಡ್ ಗುಳಿಗೆ, ಇಂಜೆಕ್ಷನ್ ತೆಗೆದುಕೊಂಡವರನ್ನು ನೋಡಿದರೆ ಸಾಕು. ಮೊಣಕಾಲು ನೋವಿಗೆಂದು ಡಾಕ್ಟರ ಚೀಟಿಯಿಲ್ಲದೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ನುಂಗಿದವರ ಮುಖ ಉಬ್ಬಿ ಹೊಟ್ಟೆ ಬರುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಸಕ್ಕರೆ–ಬಿಪಿ ಏರುತ್ತವೆ, ಎಲುಬು ಸವೆಯುತ್ತವೆ. ಅದು ಕಾರ್ಟಿಸಾಲ್ ಮಾಡುವ ಕೆಲಸವನ್ನೇ ಮಾಡುವ ಔಷಧ. ದಿನನಿತ್ಯದ ಚಿಂತೆಯಿಂದ ಈ ಮಟ್ಟಕ್ಕೆ ಹೋಗುವುದಿಲ್ಲ, ಆದರೆ ದಾರಿ ಅದೇ ದಿಕ್ಕಿನದು: ಹೊಟ್ಟೆಯ ಸುತ್ತ ಕೊಬ್ಬು, ಸಕ್ಕರೆ ಕಾಯಿಲೆ ಇದ್ದವರಿಗೆ ಹತೋಟಿ ತಪ್ಪುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು.

ಹೃದಯದ ಲೆಕ್ಕ ದೊಡ್ಡದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಮೊದಲ ಸಲ ಹೃದಯಾಘಾತವಾದ ಸುಮಾರು 11,000 ಜನರನ್ನು ನೋಡಿತು. ಮನೆಯ, ಕೆಲಸದ, ಹಣದ ಒತ್ತಡ ಹೇಳಿಕೊಂಡವರು ಅವರಲ್ಲಿ ಎದ್ದು ಕಾಣುವಷ್ಟು ಹೆಚ್ಚಿದ್ದರು. ತಂಬಾಕು, ಬಿಪಿ, ಸಕ್ಕರೆ, ಕೊಬ್ಬಿನ ಜೊತೆ ಒತ್ತಡವನ್ನೂ ಅದೇ ಪಟ್ಟಿಯಲ್ಲಿ ಸೇರಿಸುವಂತಾಯಿತು. ಹೃದಯಾಘಾತ ಆದಮೇಲೆ ಕೇಳಿದ ಪ್ರಶ್ನೆಗಳಾದ್ದರಿಂದ ಉತ್ತರ ಸ್ವಲ್ಪ ಉಬ್ಬಿರಬಹುದು ಎಂಬ ತಕರಾರೂ ನ್ಯಾಯವೇ.

ಇನ್ನು ಒತ್ತಡದ ತಲೆಗೆ ಸುಮ್ಮನೆ ಕಟ್ಟಿದ ಆರೋಪಗಳೂ ಇವೆ. ಹೊಟ್ಟೆಯ ಅಲ್ಸರ್ ಅವುಗಳಲ್ಲೊಂದು. ಬಹುಪಾಲು ಅಲ್ಸರಿಗೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಗುಳಿಗೆಗಳು. ಆ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ಒತ್ತಡ ಉರಿಯನ್ನು ಹೆಚ್ಚಿಸೀತು. ಆದರೆ ‘ಟೆನ್ಷನ್ ಬಿಡ್ರಿ’ ಎಂದರೆ ಅಲ್ಸರ್ ಮಾಯುವುದಿಲ್ಲ, ಪರೀಕ್ಷೆ ಮಾಡಿಸಿ ಔಷಧ ತೆಗೆದುಕೊಳ್ಳಬೇಕು.

ಇದಕ್ಕಿಂತ ದುಬಾರಿ ತಪ್ಪು ಬಿಪಿಯದು. ವೈದ್ಯರು ‘ಹೈಪರ್‌ಟೆನ್ಷನ್’ ಅಂದರೆ ನಮ್ಮವರ ಕಿವಿಗೆ ‘ಟೆನ್ಷನ್’ ಎಂಬ ಅರ್ಧ ಮಾತ್ರ ಬೀಳುತ್ತದೆ. ‘ನನಗೇನ್ ಟೆನ್ಷನ್ ಇಲ್ರೀ, ಬಿಪಿ ಹೆಂಗ ಬಂತು?’ ಎಂದು ಗುಳಿಗೆ ಬಿಡುತ್ತಾರೆ. ಇಲ್ಲವೇ ಮಗಳ ಮದುವೆ ಮುಗಿಯಿತು, ಟೆನ್ಷನ್ ಹೋಯಿತು, ಬಿಪಿಯೂ ಹೋಯಿತು ಎಂದು ಬಿಡುತ್ತಾರೆ. ಆ ಪದದಲ್ಲಿರುವುದು ರಕ್ತನಾಳದ ಒಳಗಿನ ಒತ್ತಡ. ವಯಸ್ಸು, ಉಪ್ಪು, ಮನೆತನ, ತೂಕ ಎಲ್ಲವೂ ಅದಕ್ಕೆ ಕಾರಣ. ಮನಸ್ಸು ತಣ್ಣಗಿರುವವನಿಗೂ ಬರುತ್ತದೆ. ಇತ್ತ ಜಗಳವಾಡಿ ಬಂದು ಅಳೆಸಿದರೆ ಇಲ್ಲದ ಬಿಪಿಯೂ ತೋರೀತು. ಅಳೆಸುವ ಅರ್ಧ ತಾಸು ಮುಂಚೆ ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆನಿಕೆ ಇಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿಯನ್ನು ಬರಿ ತೋಳಿಗೆ, ಎದೆಯ ಮಟ್ಟಕ್ಕೆ ಕಟ್ಟಬೇಕು. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ಅಳೆಯಬೇಕು. ಬೇರೆಬೇರೆ ದಿನ ಅಳೆದರೂ ಆಸ್ಪತ್ರೆಯಲ್ಲಿ 140/90, ಮನೆಯಲ್ಲಿ 135/85 ಮುಟ್ಟುತ್ತಿದ್ದರೆ ಅದು ಬಿಪಿಯೇ, ಟೆನ್ಷನ್ ಇರಲಿ ಬಿಡಲಿ.

ಮುಳುಗಡೆ ಊರಿನ ಗೋಡೆ

2016ರ ಒಂದು ಲಂಡನ್ ಪ್ರಯೋಗದಲ್ಲಿ 45 ಜನ ಕಂಪ್ಯೂಟರ್ ಆಟ ಆಡಿದರು. ತೆರೆಯ ಮೇಲಿನ ಕಲ್ಲಿನ ಅಡಿ ಹಾವು ಇದ್ದರೆ ಕೈಗೆ ಕರೆಂಟಿನ ನೋವಿನ ಪೆಟ್ಟು. ಪೆಟ್ಟು ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದಾಗ ಇದ್ದುದಕ್ಕಿಂತ, ಬೀಳುವುದೋ ಇಲ್ಲವೋ ಅರ್ಧಕ್ಕರ್ಧ ಎಂದಾಗ ಅವರ ಬೆವರು, ಕಣ್ಣಪಾಪೆ ಹೆಚ್ಚಿನ ಒತ್ತಡ ತೋರಿಸಿದವು. ಕೆಟ್ಟ ಸುದ್ದಿಗಿಂತ ಬಾರದ ಸುದ್ದಿ ದೇಹಕ್ಕೆ ಭಾರ.

ಇದನ್ನು ಬಾಗಲಕೋಟೆಯವರಿಗೆ ವಿವರಿಸಬೇಕಿಲ್ಲ. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣೆಯ ನೀರು ಹಂಚುವ ನ್ಯಾಯಮಂಡಳಿ 2010ರ ಕೊನೆಗೆ ಒಪ್ಪಿತು. ಆವತ್ತಿನಿಂದ, ಮಟ್ಟ ಏರಿದರೆ ಮುಳುಗುವ ಗೆರೆಯೊಳಗಿನ ಮನೆಯವನಿಗೆ ಒಂದೊಂದೂ ಪ್ರಶ್ನೆಯೇ. ಸೋರುವ ಮಾಳಿಗೆ ರಿಪೇರಿ ಮಾಡಿಸಬೇಕೋ ಬೇಡವೋ? ಬಿರುಕು ಬಿಟ್ಟ ಗೋಡೆಗೆ ಸಿಮೆಂಟು ಹಾಕಿದರೆ ದುಡ್ಡು ನೀರಿಗೆ, ಹಾಕದಿದ್ದರೆ ಮಳೆಗಾಲಕ್ಕೆ ಗೋಡೆ ಮೈಮೇಲೆ. ಬೋರ್ ಹಾಕಿಸುವುದು, ಗಿಡ ಹಚ್ಚುವುದು, ಮಗಳಿಗೆ ವರ ನೋಡುವುದು ಎಲ್ಲಕ್ಕೂ ಇದೇ ಗೋಜಲು. 2019ರ ಆಗಸ್ಟಿನ ನೆರೆ ಘಟಪ್ರಭೆ, ಮಲಪ್ರಭೆ, ಕೃಷ್ಣೆಯ ದಂಡೆಯವರನ್ನು ಬೀದಿಗೆ ತಂದಿತು. ಆದರೆ ನೆರೆಗೆ ಒಂದು ಇಳಿತವಿತ್ತು. ಮುಳುಗಡೆಯ ಕಾಯುವಿಕೆಗೆ ಅದಿಲ್ಲ. ಕಾರ್ಖಾನೆಗೆ ಕಬ್ಬು ಕಳಿಸಿ ಬಿಲ್ಲಿನ ದಾರಿ ಕಾಯುವ ಬೆಳಗಾವಿ ರೈತನದೂ ಸಣ್ಣ ಪ್ರಮಾಣದಲ್ಲಿ ಇದೇ ಪಾಡು. ಇಂಥವರಿಗೆ ಪ್ರಾಣಾಯಾಮ ಹೇಳಿಕೊಡುವ ಮೊದಲು ತಾರೀಖು ಹೇಳುವುದು ಆರೋಗ್ಯ ಸೇವೆಯೇ. ಯಾವ ಹಳ್ಳಿಗೆ ಯಾವ ತಿಂಗಳು ಪರಿಹಾರ, ಯಾವ ವಾರ ಬಿಲ್ಲು ಎಂದು ಬರೆದು ಅಂಟಿಸುವ ಕಚೇರಿ ಊರಿನ ಬಿಪಿಗೂ ಒಂದಿಷ್ಟು ಉಪಕಾರ ಮಾಡಿದಂತೆ.

ನೀರು ಬಿಡುವ ಕ್ರಮ

ತಾನು ಕೈಹಾಕಬಹುದಾದ ಭಾಗವೂ ಇದೆ. ಮೊದಲನೆಯದು ಉಸಿರು, ಅದೇ ಎಲ್ಲಕ್ಕಿಂತ ಬೇಗ ಫಲ ಕೊಡುವಂಥದು. ಉಸಿರು ಬಿಡುವಾಗ ಎದೆಬಡಿತ ನಿಧಾನಿಸುತ್ತದೆ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ಹಾಗಾಗಿ ಎಳೆಯುವುದಕ್ಕಿಂತ ಬಿಡುವುದು ಉದ್ದವಿರಬೇಕು: ಮೂಗಿನಿಂದ ನಾಲ್ಕು ಎಣಿಸುತ್ತ ಎಳೆದು, ಆರು ಎಣಿಸುತ್ತ ಬಿಡಿ. ನಿಮಿಷಕ್ಕೆ ಆರು ಉಸಿರು, ಐದರಿಂದ ಹತ್ತು ನಿಮಿಷ. ಬಹಳ ಜನ ‘ದೀರ್ಘ ಉಸಿರು’ ಎಂದರೆ ಜೋರಾಗಿ ಬಡಬಡ ಎಳೆಯುತ್ತಾರೆ. ಆಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಗಾಬರಿ ಹೆಚ್ಚುತ್ತದೆ. ಹಾಗಾದರೆ ನಿಲ್ಲಿಸಿ ಮಾಮೂಲು ಉಸಿರಾಡಬೇಕು.

ನಿದ್ದೆಗೆ ಮಲಗುವ ಹೊತ್ತಿಗಿಂತ ಏಳುವ ಹೊತ್ತು ಒಂದೇ ಇರುವುದು ಮುಖ್ಯ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಭಾರವಾದಾಗ ಮರಳಬೇಕು. ಚಹಾದ ಕೆಫೀನಿನ ಅರ್ಧ ಭಾಗ ಇಳಿಯಲು ಸುಮಾರು ಐದು ತಾಸು ಬೇಕು; ಸಂಜೆ ಆರಕ್ಕೆ ಕುಡಿದ ಕಡಕ್ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ತಂಬಾಕು, ಗುಟ್ಕಾ ‘ತಲಿ ಹಗುರ’ ಮಾಡುತ್ತವೆ ಎಂಬುದು ಭ್ರಮೆ. ನಿಕೋಟಿನ್ ಎದೆಬಡಿತ ಏರಿಸುತ್ತದೆ. ಹಗುರವಾಗುವುದು ಹಿಂದಿನ ಪೊಟ್ಟಣದ ಅಮಲು ಇಳಿದಾಗಿನ ಚಡಪಡಿಕೆ ಮಾತ್ರ.

ಚಿಂತೆಗೆ ಹೊತ್ತು ಗೊತ್ತು ಮಾಡುವುದು ಕೇಳಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಸಂಜೆ ಹದಿನೈದು ನಿಮಿಷ, ಮಲಗುವ ಹೊತ್ತಿಗೆ ಹತ್ತಿರವಲ್ಲದಂತೆ, ನೋಟ್‌ಬುಕ್ಕು ಹಿಡಿದು ಕೂರಬೇಕು. ಸಾಲವಿದ್ದರೆ ‘ಸಾಲ ಬಹಳ ಆಗೈತಿ’ ಎಂದು ಬರೆದರೆ ಪ್ರಯೋಜನವಿಲ್ಲ. ಯಾರಿಗೆ, ಅಸಲು ಎಷ್ಟು, ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ, ಯಾವ ತಾರೀಖು ಎಂದು ನಾಲ್ಕು ಕಾಲಂ ಹಾಕಿ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ 36 ಎಂದು ಕಾಗದದ ಮೇಲೆ ಕಂಡಾಗ ಯಾವುದನ್ನು ಮೊದಲು ತೀರಿಸಬೇಕು ಎಂಬುದಾದರೂ ಗೊತ್ತಾಗುತ್ತದೆ. ಕೈಯಲ್ಲಿ ಏನೂ ಇಲ್ಲದ ಸಂಗತಿಗಳನ್ನು ಬೇರೆ ಪುಟಕ್ಕೆ ಹಾಕಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಒತ್ತಡಕ್ಕೂ ಸರಿಹೋಗುತ್ತದೆ. ಹೊಲದಲ್ಲಿ ದಿನವಿಡೀ ಬಾಗಿ ದುಡಿಯುವವರಿಗೆ ಮಾತ್ರ ಇನ್ನೂ ನಡೆಯಿರಿ ಎನ್ನುವುದು ಅಣಕ. ಅವರಿಗೆ ಬೇಕಾದದ್ದು ವಿಶ್ರಾಂತಿ.

ಎದೆ ಬಿಗಿತವನ್ನು ಟೆನ್ಷನ್, ಗ್ಯಾಸ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಬೆವರು, ಎಡತೋಳು ಇಲ್ಲವೇ ದವಡೆಗೆ ಹಬ್ಬುವ ನೋವು, ಉಸಿರುಕಟ್ಟು ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ, ಇಸಿಜಿ ಆಗಬೇಕು. ಎರಡು ವಾರ ದಾಟಿದ ಬೇಸರ, ಊಟ–ನಿದ್ದೆ ಕೆಡುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಒತ್ತಡದ ಗೆರೆ ದಾಟಿ ಖಿನ್ನತೆಯ ಕಡೆ ಹೋಗಿರಬಹುದು. ಸಾಯಬೇಕು ಎಂಬ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ, ಆ ಮನುಷ್ಯನನ್ನು ಒಬ್ಬಂಟಿ ಬಿಡದೆ, ಕೀಟನಾಶಕದ ಡಬ್ಬಿಗಳನ್ನು ಬೇರೆ ಮನೆಗೆ ಸಾಗಿಸಬೇಕು. 14416 ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ. ಹಗಲುರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ದೊಡ್ಡ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ.

ಔಷಧ ಅಂಗಡಿಯಲ್ಲಿ ಕೇಳಿ ತಂದ, ಆತಂಕ ತಗ್ಗಿಸುವ ಅಲ್ಪ್ರಜೋಲಂ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಿರುವವರಿದ್ದಾರೆ. ಮೊದಲ ರಾತ್ರಿ ಅದು ಚೆನ್ನಾಗಿ ನಿದ್ದೆ ತರುತ್ತದೆ, ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆಯೇ ಬಾರದ ಹಾಗೆ ಮಾಡುತ್ತದೆ. ಹೆದರಿ ಒಂದೇ ದಿನಕ್ಕೆ ನಿಲ್ಲಿಸುವುದೂ ಅಪಾಯ: ನಡುಕ, ಬೆವರು, ಕೆಲವೊಮ್ಮೆ ಫಿಟ್ಸ್ ಬರಬಹುದು. ಖಾಲಿ ಸ್ಟ್ರಿಪ್ಪನ್ನು ಎಸೆಯದೆ ಡಾಕ್ಟರಿಗೆ ತೋರಿಸಿ, ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ ಎಂದು ಮುಚ್ಚಿಡದೆ ಹೇಳಿದರೆ ಅವರು ವಾರವಾರಕ್ಕೆ ಸ್ವಲ್ಪಸ್ವಲ್ಪ ಇಳಿಸಿ ಬಿಡಿಸುತ್ತಾರೆ.